ಕೊಲೆಗಾರ ಗೊತ್ತಾದ ಮೇಲೆ

ಪತ್ತೇದಾರಿ ಕಥೆ ಎಂದರೆ ಒಮ್ಮೆ ಓದಿ ಬಿಸಾಡುವ ಸರಕು ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅವರು ಬಿಸಾಡಿದ್ದರಿಂದಲೇ ನನ್ನ ಕಪಾಟು ತುಂಬಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತು, ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳು, ಬಾಗಿಲು ಮುಚ್ಚುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು, ಇಲ್ಲೆಲ್ಲ ಹೆಕ್ಕಿ ತಂದು, ಓದಿ, ಮತ್ತೆ ಓದಿ ಕಲಿತದ್ದು ಇಷ್ಟು.

1. ಕೊನೆಯ ಹಾಳೆ ನೋಡಿ, ಓದಬೇಡಿ

ಹಳೇ ಪುಸ್ತಕದಲ್ಲಿ ಮೊದಲು ಕಿತ್ತುಹೋಗುವುದು ಮುಂದಿನ ನಾಲ್ಕು ಹಾಳೆ, ಹಿಂದಿನ ನಾಲ್ಕು ಹಾಳೆ. ಬೇರೆ ಕಾದಂಬರಿಯಾದರೆ ಕೊನೆಯನ್ನು ಊಹಿಸಿಕೊಂಡು ಸಮಾಧಾನ ಪಡಬಹುದು, ಇಲ್ಲಿ ಹಾಗಲ್ಲ. ಕಣ್ಣನ್ನು ಪುಟಸಂಖ್ಯೆಯ ಮೇಲಷ್ಟೇ ಇಟ್ಟು ಹಿಂದಿನಿಂದ ಎಣಿಸಿ. ಕೊನೆಯಲ್ಲಿ ಪ್ರಕಾಶಕರ ಜಾಹೀರಾತಿನ ಪುಟ ಉಳಿದಿದ್ದರೆ ಕಥೆ ಪೂರ್ತಿ ಇದೆ ಎಂದು ಧೈರ್ಯವಾಗಿ ಕೊಳ್ಳಬಹುದು. ಲೈಬ್ರರಿ ಪ್ರತಿಯಾದರೆ ಪಾತ್ರಗಳ ಪಟ್ಟಿಯ ಪುಟವನ್ನು ಅಂಗಡಿಯವನಿಂದಲೇ ನೋಡಿಸಿ. ಒಂದು ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ‘ಇವನೇ’ ಎಂದು ಬರೆದು ಹೋಗುವ ಪುಣ್ಯಾತ್ಮರು ಎಲ್ಲ ಊರಲ್ಲೂ ಇರುತ್ತಾರೆ.

2. ಒಂದೇ ಪುಸ್ತಕ, ಎರಡು ಹೆಸರು

ಅಗಾಥಾ ಕ್ರಿಸ್ಟಿಯ ಹಲವು ಪುಸ್ತಕಗಳಿಗೆ ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. 1934ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಅಲ್ಲಿ ‘ಮರ್ಡರ್ ಇನ್ ದಿ ಕ್ಯಾಲೆ ಕೋಚ್’ ಆಯಿತು. ‘ಲಾರ್ಡ್ ಎಡ್ಜ್‌ವೇರ್ ಡೈಸ್’ ಎಂಬುದೇ ‘ಥರ್ಟೀನ್ ಅಟ್ ಡಿನ್ನರ್’. ‘4.50 ಫ್ರಮ್ ಪ್ಯಾಡಿಂಗ್ಟನ್’ ಎಂಬುದೇ ‘ವಾಟ್ ಮಿಸೆಸ್ ಮೆಕ್‌ಗಿಲಿಕಡಿ ಸಾ!’ ಜಾನ್ ಡಿಕ್ಸನ್ ಕಾರ್‌ನ ‘ದಿ ಹಾಲೋ ಮ್ಯಾನ್’ಗೂ ‘ದಿ ಥ್ರೀ ಕಾಫಿನ್ಸ್’ಗೂ ವ್ಯತ್ಯಾಸ ರಟ್ಟಿನದು ಮಾತ್ರ. ಹೊಸ ಹೆಸರು ಕಂಡ ಕೂಡಲೇ ಜೇಬಿಗೆ ಕೈ ಹಾಕುವ ಮೊದಲು ಹಕ್ಕುಗಳ ಪುಟ ತಿರುಗಿಸಿ, ಹಿಂದಿನ ಹೆಸರು ಸಾಮಾನ್ಯವಾಗಿ ಅಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

3. ಹೋಮ್ಸ್ ಕೊಳ್ಳುವಾಗ ‘ದಿ ರೆಸಿಡೆಂಟ್ ಪೇಷಂಟ್’ ತೆರೆಯಿರಿ

ಹೋಮ್ಸ್ ಲೆಕ್ಕ ಸುಲಭ: ನಾಲ್ಕು ಕಾದಂಬರಿ, 56 ಸಣ್ಣಕಥೆ. ಹೋಮ್ಸ್‌ನನ್ನು ಸೃಷ್ಟಿಸಿದ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ನಮ್ಮಲ್ಲಿ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಯಾರು ಬೇಕಾದರೂ ಅಚ್ಚು ಹಾಕುತ್ತಾರೆ, ಹೇಗೆ ಬೇಕಾದರೂ ಹಾಕುತ್ತಾರೆ. ಸಂಪಾದಕರು ಕಣ್ಣಿಟ್ಟು ನೋಡಿದ್ದಾರೋ ಇಲ್ಲವೋ ತಿಳಿಯಲು ನನಗೆ ಒಂದು ಕಥೆ ಸಾಕು.

‘ದಿ ಕಾರ್ಡ್‌ಬೋರ್ಡ್ ಬಾಕ್ಸ್’ 1893ರಲ್ಲಿ ‘ಸ್ಟ್ರಾಂಡ್’ ಪತ್ರಿಕೆಯಲ್ಲಿ ಬಂದಿತ್ತು. ‘ಮೆಮೊಯರ್ಸ್’ ಸಂಕಲನ ಇಂಗ್ಲೆಂಡಿನಲ್ಲಿ ಹೊರಬಂದಾಗ ಅದನ್ನು ಕೈಬಿಟ್ಟರು. 1917ರ ‘ಹಿಸ್ ಲಾಸ್ಟ್ ಬೋ’ದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಆದರೆ ಅದರ ಆರಂಭದಲ್ಲಿ ಒಂದು ಸೊಗಸಾದ ಭಾಗವಿದೆ: ವಾಟ್ಸನ್ ಗೋಡೆಯ ಕಡೆ, ಚಿತ್ರದ ಕಡೆ ನೋಡುತ್ತ ಕೂತಿರುತ್ತಾನೆ, ಹೋಮ್ಸ್ ಅವನ ಮನಸ್ಸಿನ ಮಾತಿಗೆ ಉತ್ತರ ಕೊಟ್ಟುಬಿಡುತ್ತಾನೆ. ಕಥೆ ಬಿಟ್ಟರೂ ಈ ಭಾಗ ಬಿಡಲು ಮನಸ್ಸಾಗಲಿಲ್ಲ, ಕಿತ್ತು ತಂದು ‘ದಿ ರೆಸಿಡೆಂಟ್ ಪೇಷಂಟ್’ಗೆ ಅಂಟಿಸಿದರು. ಮೂಲದಲ್ಲಿ ಅದು ಆಗಸ್ಟ್ ತಿಂಗಳ ಉರಿಬಿಸಿಲು. ಅಂಟಿಸಿದ ಕಡೆ ಅಕ್ಟೋಬರಿನ ಮಳೆ. ಸೆಕೆಯ ಮಾತು ಮಾತ್ರ ಹಾಗೇ ಉಳಿದುಕೊಂಡಿತು! ಒಂದೇ ಸಂಪುಟದಲ್ಲಿ ಎರಡೂ ಕಥೆಗಳಿಗೆ ಅದೇ ಪೀಠಿಕೆ ಇದ್ದರೆ, ಪ್ರಕಾಶಕರು ಸಿಕ್ಕಿದ್ದನ್ನು ಸಿಕ್ಕ ಹಾಗೆ ಅಚ್ಚು ಹಾಕಿದ್ದಾರೆ ಎಂದರ್ಥ.

4. ಫುಟ್‌ಪಾತಿನ ಹೊಸ ಕ್ರಿಸ್ಟಿ ಬೇಡ

ಕ್ರಿಸ್ಟಿ ಕಥೆ ಬೇರೆ. ಆಕೆ ತೀರಿಕೊಂಡದ್ದು 1976ರಲ್ಲಿ, ಭಾರತದಲ್ಲಿ ಹಕ್ಕು 2036ರ ಕೊನೆಯವರೆಗೆ ಇದೆ. ಮಿರಮಿರ ಮಿನುಗುವ ರಟ್ಟಿನ, ಮಸುಕು ಅಚ್ಚಿನ ಅಗ್ಗದ ಪ್ರತಿ ಬಹುಪಾಲು ಕಳ್ಳ ಮುದ್ರಣವೇ. ಕಾನೂನಿನ ಮಾತು ಹಾಗಿರಲಿ, ಓದುಗನಿಗೂ ಅದರಲ್ಲಿ ಮೋಸವಿದೆ. ಆಕೆಯ ಒಂದು ಕಾದಂಬರಿಯಲ್ಲಿ (ಹೆಸರು ಹೇಳಿದರೆ ಪಾಪ ಸುತ್ತಿಕೊಳ್ಳುತ್ತದೆ) ಒಬ್ಬಾಕೆ ತನ್ನ ಗೆಳತಿಯನ್ನು ಕರೆಯುವಾಗ ಆಗಾಗ ಒಂದಕ್ಷರ ತಪ್ಪುತ್ತಾಳೆ. ಅಚ್ಚಿನ ದೋಷ ಇರಬೇಕೆಂದು ನಾವು ಮುಂದೆ ಹೋಗುತ್ತೇವೆ. ಇಡೀ ಗುಟ್ಟು ಅಲ್ಲೇ ಇರುತ್ತದೆ. ಪುಟಕ್ಕೆ ಹತ್ತು ತಪ್ಪಿರುವ ಪ್ರತಿಯಲ್ಲಿ ಈ ಹನ್ನೊಂದನೆಯದನ್ನು ಹಿಡಿಯುವುದು ಹೇಗೆ? ಇದಕ್ಕಿಂತ ರಟ್ಟು ಮಾಸಿದ ಹಳೇ ಫಾಂಟಾನಾ ಪ್ರತಿ ಎಷ್ಟೋ ವಾಸಿ. ಟಾಮ್ ಆಡಮ್ಸ್ ಬರೆದ ಮುಖಪುಟವಿದ್ದರೆ ನಾನು ಚೌಕಾಸಿಯನ್ನೂ ಮಾಡುವುದಿಲ್ಲ.

5. ಎರಡನೇ ಸಲ ಓದುವಾಗ ಗಡಿಯಾರ ನೋಡಿ

1926ರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಓದಿಲ್ಲದವರು ಇಲ್ಲಿಂದ ನೇರ ಆರನೆಯದಕ್ಕೆ ಹಾರಿ.

ಹಳ್ಳಿಯ ವೈದ್ಯ ಡಾಕ್ಟರ್ ಶೆಪರ್ಡ್ ಕಥೆ ಹೇಳುತ್ತಾನೆ. ಊಟವಾದ ಮೇಲೆ ಆಕ್ರಾಯ್ಡ್‌ನ ಕೋಣೆಯಲ್ಲಿ ಇಬ್ಬರೂ ಕೂತಿದ್ದಾರೆ. ಪತ್ರ ಬಂದಾಗ ಎಂಟು ನಲವತ್ತು. ಶೆಪರ್ಡ್ ಹೊರಟಾಗ ಎಂಟು ಐವತ್ತು, ಪತ್ರ ಇನ್ನೂ ಓದದೇ ಉಳಿದಿತ್ತು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಮಾಡಬೇಕಾದ್ದೇನಾದರೂ ಬಾಕಿ ಇದೆಯೇ ಎಂದು ಆತ ಒಮ್ಮೆ ಹಿಂತಿರುಗಿ ನೋಡುತ್ತಾನೆ. ಮೊದಲ ಓದಿನಲ್ಲಿ ಇದು ಕರ್ತವ್ಯನಿಷ್ಠ ವೈದ್ಯನ ಅಭ್ಯಾಸ. ಎರಡನೇ ಓದಿನಲ್ಲಿ ಆ ಹತ್ತು ನಿಮಿಷದ ಮೇಲೆ ಬೆರಳಿಟ್ಟು ಕೂತುಬಿಡುತ್ತೇವೆ. ಒಂದು ಸುಳ್ಳೂ ಇಲ್ಲ! ಎರಡು ವಾಕ್ಯಗಳ ನಡುವೆ ನಡೆದದ್ದನ್ನು ಆತ ಬರೆದಿಲ್ಲ, ಅಷ್ಟೆ.

ಇನ್ನು ಅವನ ಅಕ್ಕ ಕ್ಯಾರೊಲಿನ್. ಊರಿನ ಸುದ್ದಿಯೆಲ್ಲ ಮನೆಯಲ್ಲೇ ಕೂತು ಸಂಗ್ರಹಿಸುವ ಆಕೆಯನ್ನು ಮೊದಲ ಸಲ ನಗೆಪಾತ್ರ ಎಂದು ಓದಿರುತ್ತೇವೆ. ತಮ್ಮನ ಮನಸ್ಸು ಗಟ್ಟಿಯಿಲ್ಲ ಎಂದು ಆಕೆ ಹೇಳುವ ಮಾತು ಎರಡನೇ ಸಲ ನಗಿಸುವುದಿಲ್ಲ.

6. ಎಲ್ಲವೂ ಮರುಓದಿಗೆ ಬಾಳುವುದಿಲ್ಲ

ಕೊಲೆಗಾರ ಯಾರೆಂಬ ಒಂದೇ ಪ್ರಶ್ನೆಯ ಮೇಲೆ ನಿಂತ ಕಥೆ ಬಿಡಿಸಿಟ್ಟ ಪದಬಂಧದ ಹಾಗೆ, ಕಪಾಟಿನಲ್ಲಿ ಜಾಗ ದಂಡ. ಇದನ್ನು ಮೊದಲೇ ಅರಿತವನು ಆರ್. ಆಸ್ಟಿನ್ ಫ್ರೀಮನ್. 1912ರ ‘ದಿ ಸಿಂಗಿಂಗ್ ಬೋನ್’ ಸಂಕಲನದಲ್ಲಿ ಆತ ಅಪರಾಧವನ್ನು ನಮ್ಮ ಕಣ್ಣೆದುರೇ ಮಾಡಿಸಿ, ಆಮೇಲೆ ಡಾಕ್ಟರ್ ಥಾರ್ನ್‌ಡೈಕ್‌ನನ್ನು ಕಳಿಸುತ್ತಾನೆ. ಹೇಗೆ ಸಿಕ್ಕಿಬೀಳುತ್ತಾನೆ ಎಂಬುದೇ ಕುತೂಹಲ. ಆ ಕಥೆಗಳ ಮೊದಲ ಓದೇ ಮರುಓದು! ಬೀಗ ಹಾಕಿದ ಕೋಣೆಯ ಕೊಲೆಗಳಲ್ಲಿ ನಾನು ಉಳಿಸಿಕೊಂಡದ್ದು ಕಡಿಮೆ. ಅದರಲ್ಲಿ ‘ದಿ ಹಾಲೋ ಮ್ಯಾನ್’ ಒಂದು. ಅದರ ಹದಿನೇಳನೇ ಅಧ್ಯಾಯದಲ್ಲಿ ಪತ್ತೇದಾರ ಡಾಕ್ಟರ್ ಫೆಲ್ ಕಥೆ ನಿಲ್ಲಿಸಿ, ಮುಚ್ಚಿದ ಕೋಣೆಯಲ್ಲಿ ಕೊಲ್ಲುವ ಬಗೆಗಳ ಮೇಲೆ ಪಾಠವನ್ನೇ ಮಾಡುತ್ತಾನೆ. ಇನ್ನೊಂದು ಹೋಮ್ಸ್ ಕಥೆ ‘ದಿ ಸ್ಪೆಕಲ್ಡ್ ಬ್ಯಾಂಡ್’. ಅದರ ಹಾವು ಶಿಳ್ಳೆ ಕೇಳಿ ಬರುತ್ತದೆ, ಹಾಲು ಕುಡಿಯುತ್ತದೆ. ಹಾವು ಕಂಡ ಯಾರೂ ಒಪ್ಪುವುದಿಲ್ಲ. ಆದರೂ ರಾತ್ರಿ ದೀಪವಾರಿಸಿ ಕಾಯುವ ಆ ಎರಡು ಪುಟಕ್ಕೆ ನಾನು ಎಲ್ಲವನ್ನೂ ಮಾಫಿ ಮಾಡಿದ್ದೇನೆ.

7. ಮಳೆಗಾಲ

ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ತೇವ ಕೂರುತ್ತದೆ. ಸೆಲ್ಲೋ ಟೇಪ್ ಬೇಡವೇ ಬೇಡ. ಕಪಾಟು ಗೋಡೆಗೆ ತಾಗದಿರಲಿ. ಗೆದ್ದಲಿಗೆ ಇಂಗ್ಲಿಷ್, ಕನ್ನಡ ಎಂಬ ಭೇದವಿಲ್ಲ.

8. ನಮ್ಮದೇ ಹೆಚ್ಚು ದುರ್ಲಭ

ಇಂಗ್ಲೆಂಡಿನಲ್ಲಿ ಅಚ್ಚಾದ ಹಸಿರು ರಟ್ಟಿನ ಪೆಂಗ್ವಿನ್ ಪತ್ತೇದಾರಿ ಬೆಂಗಳೂರಿನಲ್ಲಿ ಸಿಗುತ್ತದೆ, ಎನ್. ನರಸಿಂಹಯ್ಯನವರ ಹಳೇ ಕಾದಂಬರಿ ಸಿಗುವುದಿಲ್ಲ. ಅವರು ಬರೆದದ್ದು ಐನೂರಕ್ಕೂ ಹೆಚ್ಚು. ಪತ್ತೇದಾರ ಪುರುಷೋತ್ತಮನಿಗಾಗಿ ಜನ ದಿನಬಾಡಿಗೆ ಕೊಟ್ಟು ಓದಿದರು, ಕೈಯಿಂದ ಕೈಗೆ ಹೋಗಿ ಆ ಅಗ್ಗದ ಕಾಗದ ಪುಡಿಯಾಯಿತು. ಅಂಗಡಿಯಲ್ಲಿ ಲೇಖಕರ ಹೆಸರು ಹೇಳಿದರೆ ಎದುರಿಗಿಟ್ಟ ಹೊಸ ಮುದ್ರಣ ಕೊಡುತ್ತಾರೆ. ‘ಯಜಮಾನ್ರೇ, ಕಟ್ಟು ಬಿಚ್ಚದ ಹಳೇ ಪಾಕೆಟ್ ಕಾದಂಬರಿ ಏನಾದ್ರೂ ಇದ್ಯಾ?’ ಎಂದು ಕೇಳಿ. ಗೈಡುಗಳ ರಾಶಿಯ ಅಡಿಯಿಂದ ದಾರ ಕಟ್ಟಿದ ಕಂತೆ ಹೊರಬಂದರೆ ಒಂದೊಂದಾಗಿ ಆರಿಸುತ್ತ ಕೂರಬೇಡಿ. ಕಂತೆಗೆ ಒಟ್ಟು ರೇಟು ಕೇಳಿ ಇಡಿಯಾಗಿ ಎತ್ತಿಕೊಂಡು ಬನ್ನಿ, ಬೇಡದ್ದನ್ನು ಮನೆಯಲ್ಲಿ ಬೇರ್ಪಡಿಸಿದರಾಯಿತು.