ಓದಿದ ಮೇಲೆ ಪುಸ್ತಕ ಎಲ್ಲಿಗೆ ಹೋಗುತ್ತದೆ?

ನಮ್ಮ ಕರೋಶಿಯ ಅಂಗಡಿಗಳಲ್ಲಿ ನೋಟ್‌ಬುಕ್, ಪೆನ್ನು, ಹತ್ತನೆಯ ತರಗತಿಯ ಗೈಡ್ ಸಿಗುತ್ತವೆ. ಕಾದಂಬರಿ ಬೇಕು, ವಚನದ ಪುಸ್ತಕ ಬೇಕು, ಇತಿಹಾಸ ಬೇಕು ಎಂದರೆ ಊರು ಬಿಡಬೇಕು. ಚಿಕ್ಕೋಡಿಯಲ್ಲೂ ಪರೀಕ್ಷೆಯ ಪುಸ್ತಕಗಳದೇ ಮೇಲುಗೈ. ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಮರಾಠಿ ಪುಸ್ತಕಗಳಿಗೆ ಬರವಿಲ್ಲ. ಕನ್ನಡ ಬೇಕೆಂದವರು ಬೆಳಗಾವಿಗೋ ಧಾರವಾಡಕ್ಕೋ ಹೋಗಬೇಕು. ಹೀಗಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಓದುಗರಿಗೆ 300 ರೂಪಾಯಿಯ ಪುಸ್ತಕ 300ಕ್ಕೇ ಬೀಳುವುದಿಲ್ಲ. ಬಸ್ ಚಾರ್ಜು, ಅಂಚೆ ಖರ್ಚು, ಕೆಲಸ ಬಿಟ್ಟ ಒಂದು ದಿನ ಎಲ್ಲವೂ ಅದರ ಬೆಲೆಗೆ ಸೇರುತ್ತವೆ.

ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಕಿ ಮಾಡುತ್ತ, ಮನೆಯ ಖರ್ಚಿನಲ್ಲಿ ಪುಸ್ತಕಕ್ಕೆಂದೂ ಒಂದಿಷ್ಟು ತೆಗೆದಿಡುತ್ತ ಬಂದವನು ನಾನು. ಕಾಗದದ ಪುಸ್ತಕವನ್ನೂ ಫೋನಿನ ಪುಸ್ತಕವನ್ನೂ ಬಳಸಿದ್ದೇನೆ. ಎರಡರ ಋಣವೂ ನನ್ನ ಮೇಲಿದೆ. ಇಷ್ಟು ವರ್ಷಗಳಲ್ಲಿ ಒಂದು ಮಾತು ಮನದಟ್ಟಾಗಿದೆ. ಪುಸ್ತಕ ಅಗ್ಗವೋ ತುಟ್ಟಿಯೋ ಎಂಬುದು ರಟ್ಟಿನ ಹಿಂದೆ ಅಚ್ಚಾದ ಬೆಲೆಯಿಂದ ತಿಳಿಯುವುದಿಲ್ಲ. ಅದನ್ನು ಎಷ್ಟು ಜನ ಓದಿದರು ಎಂಬುದರಿಂದ ತಿಳಿಯುತ್ತದೆ. ನೂರು ರೂಪಾಯಿ ಕೊಟ್ಟು ತಂದದ್ದು ಕಪಾಟಿನಲ್ಲೇ ಉಳಿದರೆ ಅದು ತುಟ್ಟಿ. ನಾನೂರರ ಪುಸ್ತಕ ಹತ್ತು ಮನೆ ತಿರುಗಿದರೆ ತಲೆಗೆ ನಲವತ್ತೇ ಬಿತ್ತು.

ಕೂಡಿ ತರಿಸಿದರೆ ಅಗ್ಗ

ಊರಿಗೆ ಪುಸ್ತಕ ತರಿಸುವುದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದು ಅಂಚೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗಾಗಿಯೇ ‘ಜ್ಞಾನ ಪೋಸ್ಟ್’ ಆರಂಭಿಸಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಈ ದರ ನೋಡಿದರೆ ನಮ್ಮಂಥ ಊರಿನವರು ಏನು ಮಾಡಬೇಕೆಂಬುದು ತಾನೇ ತಿಳಿಯುತ್ತದೆ. ಇನ್ನೂರು ಪುಟದ ಕಾದಂಬರಿ ಹೆಚ್ಚುಕಡಿಮೆ 300 ಗ್ರಾಂ ತೂಗುತ್ತದೆ. ಒಂದೊಂದಾಗಿ ತರಿಸಿದರೆ ಒಂದೊಂದಕ್ಕೂ 20 ರೂಪಾಯಿ. ಅಂಥವೇ ಹದಿನೈದು ಒಂದೇ ಕಟ್ಟಿನಲ್ಲಿ ಬಂದರೆ ಪುಸ್ತಕಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಅದಕ್ಕೇ ನಾವು ಕೆಲವು ಮನೆಯವರು ಕೂಡಿ ಪಟ್ಟಿ ಮಾಡಿ, ಒಬ್ಬರ ಹೆಸರಿಗೆ ತರಿಸಿಕೊಳ್ಳುತ್ತೇವೆ. ಪಟ್ಟಿ ದೊಡ್ಡದಿದ್ದರೆ ಪ್ರಕಾಶಕರು ರಿಯಾಯಿತಿಯನ್ನೂ ಒಂದಿಷ್ಟು ಹೆಚ್ಚು ಕೊಡುತ್ತಾರೆ. ಆದರೆ ಯಾವ ಅಂಚೆಯಲ್ಲಿ ಕಳಿಸಬೇಕೆಂದು ನಾವೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಕೊರಿಯರ್‌ನಲ್ಲಿ ಬಂದು, ಸಿಕ್ಕ ರಿಯಾಯಿತಿಯೆಲ್ಲ ಅದಕ್ಕೇ ಹೋಗುತ್ತದೆ.

ಓದುಗರು ಮೊದಲೇ ಕೈಜೋಡಿಸುವುದು ನಮ್ಮ ಭಾಗಕ್ಕೆ ಹೊಸದಲ್ಲ. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಹುಟ್ಟಿದ್ದೇ ಚಂದಾದಾರರನ್ನು ನಂಬಿ. ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕ ಮನೆಗೆ ಬರುತ್ತಿತ್ತು. ಪ್ರಕಾಶಕರಿಗೆ ಅಚ್ಚಿನ ಖರ್ಚು ಮುಂಚಿತವಾಗಿ ಕೈಗೆ ಸಿಗುತ್ತಿತ್ತು. ಅದಕ್ಕೂ ಹಿಂದೆ, ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅಂಗಡಿ ಇಲ್ಲದ ಊರಿಗೂ ಪುಸ್ತಕ ಮುಟ್ಟಬೇಕು ಎಂಬ ಹಟ ಅವರದು. ಆ ಹಟ ಈಗ ಓದುಗರಾದ ನಮಗೆ ಬರಬೇಕು.

ಕಾಲ ನೋಡಿ ಕೊಳ್ಳುವುದೂ ಮುಖ್ಯ. ನವೆಂಬರ್ ಬಂತೆಂದರೆ ರಾಜ್ಯೋತ್ಸವದ ರಿಯಾಯಿತಿ. ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಆ ತಿಂಗಳು ಅರ್ಧ ಬೆಲೆಗೆ ಕೊಡುತ್ತ ಬಂದಿದೆ. ನನ್ನ ವರ್ಷದ ಪಟ್ಟಿಯಲ್ಲಿ ಹೆಚ್ಚಿನವು ನವೆಂಬರ್‌ಗೆ ಕಾಯುತ್ತವೆ. ಸಾಹಿತ್ಯ ಸಮ್ಮೇಳನಗಳ ಮಳಿಗೆಗಳದು ಇನ್ನೊಂದು ಲಾಭ. 2011ರ ಮಾರ್ಚ್‌ನಲ್ಲಿ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ನಮ್ಮ ಕಡೆಯ ಜನ ಚೀಲ ಹೊತ್ತು ಪುಸ್ತಕ ತಂದರು. ಪುಟ ತಿರುವಿ, ಅಕ್ಷರದ ಗಾತ್ರ ನೋಡಿ, ಎರಡು ಪ್ಯಾರಾ ಓದಿ ಕೊಳ್ಳುವ ಅವಕಾಶ ನಮಗೆ ಸಿಗುವುದೇ ಅಂಥ ಕಡೆ.

ಸರ್ಕಾರ, ಸಂಸ್ಥೆ, ಮಠಗಳು ಲಾಭ ನೋಡದೆ ಹೊರತಂದ ಪುಸ್ತಕಗಳನ್ನು ಮೊದಲು ಹುಡುಕಬೇಕು ಎಂಬುದು ನನ್ನ ಇನ್ನೊಂದು ಪಾಠ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಸಮಗ್ರ ವಚನ ಸಂಪುಟದ 15 ಸಂಪುಟಗಳು ಸಾಮಾನ್ಯರ ಮನೆ ಸೇರಿದ್ದು ಸರ್ಕಾರ ಸುಲಭ ಬೆಲೆಗೆ ಕೊಟ್ಟಿದ್ದರಿಂದ. ಗದಗಿನ ತೋಂಟದಾರ್ಯ ಮಠದ ಪ್ರಕಟಣೆಗಳು, ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು, ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಮಾಲೆಯ ಕಿರುಹೊತ್ತಗೆಗಳು ಇದೇ ಸಾಲಿನವು. ನನ್ನ ಕಪಾಟಿನಲ್ಲಿ ಹೆಚ್ಚು ಸವೆದವು ಇವೇ.

ಇನ್ನು ಗ್ರಂಥಾಲಯ. 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಎಂದ ಮೇಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಪುಸ್ತಕಕ್ಕೆ ನಾವು ಆಗಲೇ ದುಡ್ಡು ಕೊಟ್ಟಿದ್ದೇವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ನನ್ನ ತರಗತಿಯ ಮಕ್ಕಳಿಗೆ ಶಾಲೆ ಶುರುವಾದ ಕೂಡಲೇ ಹೇಳುವ ಮೊದಲ ಮಾತು ಇದೇ: ‘ಪಂಚಾಯ್ತಿ ಗ್ರಂಥಾಲಯದಾಗ ಹೆಸರ ಹಚ್ಚಿ ಬರ್ರಿ.’

ಪರದೆಯ ಮೇಲಿನ ಕನ್ನಡ

ಇ-ಪುಸ್ತಕ ನಮ್ಮಂಥ ಊರಿಗೆ ಬಸ್ ಚಾರ್ಜು ಉಳಿಸಿತು. ಇದು ಸಣ್ಣ ಉಪಕಾರವಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಪುಸ್ತಕದ ಸುದ್ದಿ ಓದಿ, ಹತ್ತಕ್ಕೆ ಅದರ ಮೊದಲ ಅಧ್ಯಾಯ ಮುಗಿಸುವುದು ನಮ್ಮ ಹಿರಿಯರು ಕನಸಿನಲ್ಲೂ ಕಾಣದ ಭಾಗ್ಯ. ಆದರೆ ಪರದೆಯ ಮೇಲಿನ ಕನ್ನಡವೆಲ್ಲ ಒಂದೇ ಬಗೆಯದಲ್ಲ. ಕೊಳ್ಳುವ ಮುನ್ನ ಈ ಭೇದ ತಿಳಿದಿರಬೇಕು.

ಹೆಚ್ಚಿನವರ ಫೋನಿನಲ್ಲಿರುವುದು ಪಿಡಿಎಫ್, ಬಹುಪಾಲು ಹಳೆಯ ಪುಸ್ತಕದ ಪುಟಗಳ ಚಿತ್ರ. ಬೆರಳಿನಿಂದ ಹಿಗ್ಗಿಸಿದರೆ ಅಕ್ಷರ ದೊಡ್ಡದಾಗುತ್ತದೆ, ಸಾಲಿನ ತುದಿ ಪರದೆಯ ಆಚೆ ಹೋಗುತ್ತದೆ. ಬಲಕ್ಕೆ ಎಳೆದು ಸಾಲು ಮುಗಿಸಬೇಕು, ಎಡಕ್ಕೆ ಎಳೆದು ಮುಂದಿನ ಸಾಲು ಹಿಡಿಯಬೇಕು. ಒತ್ತಕ್ಷರ ಮಸುಕಾಗಿ ‘ತ್ತ’ವೋ ‘ತ್ನ’ವೋ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡುವಾಗ ಅಂಚು ಕತ್ತರಿಸಿಹೋದ ಸಾಲುಗಳು, ಎರಡು ಸಲ ಬಂದ ಪುಟಗಳು, ಬಾರದೇ ಹೋದ ಪುಟಗಳು ಬೇರೆ. ಒಂದು ಉಲ್ಲೇಖ ಹುಡುಕಲು, ಒಂದು ಪ್ರಬಂಧ ಓದಲು ಇದು ಸಾಕು. ನಾನೂರು ಪುಟದ ಕಾದಂಬರಿಯನ್ನು ಹೀಗೆ ಓದಿದರೆ ಕಣ್ಣೂ ದಣಿಯುತ್ತದೆ, ಕಥೆಯ ಓಟವೂ ಕೆಡುತ್ತದೆ.

ಇ-ಪಬ್ ಎಂಬ ಬಗೆಯ ಪುಸ್ತಕ ಹಾಗಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಮುರಿದು ಪರದೆಯೊಳಗೇ ಕೂರುತ್ತವೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮ ಅವ್ವನಿಗೆ ಅಚ್ಚಿನ ಸಣ್ಣಕ್ಷರ ಆಗುತ್ತಿರಲಿಲ್ಲ. ಟ್ಯಾಬ್‌ನಲ್ಲಿ ಪುಟಕ್ಕೆ ಎಂಟು-ಹತ್ತು ಸಾಲು ಬರುವಷ್ಟು ದೊಡ್ಡ ಅಕ್ಷರ ಇಟ್ಟುಕೊಟ್ಟೆ. ವಚನ ಓದಲು ‘ವಚನ ಸಂಚಯ’ದ ತಾಣವನ್ನೂ ತೋರಿಸಿದೆ; ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಹುಡುಕಲು ಬರುವಂತೆ ಇವೆ. ‘ಇದ ಛಲೋ ಆತ ನೋಡಪಾ, ಯಾರನೂ ಓದಿ ಹೇಳ ಅನ್ನೂ ಹಂಗಿಲ್ಲ’ ಎಂದಳು. ದೃಷ್ಟಿ ಕುಂದಿದ ಹಿರಿಯರಿರುವ ಮನೆಯಲ್ಲಿ ಇ-ಪುಸ್ತಕ ಬೇಕೋ ಬೇಡವೋ ಎಂಬ ಚರ್ಚೆಯೇ ಇರಬಾರದು.

ಗಡಿಯಲ್ಲಿದ್ದು ನಾನು ಗಮನಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. 2016ರ ಡಿಸೆಂಬರ್‌ನಲ್ಲಿ ಇ-ಪುಸ್ತಕ ಓದುವ ಅಮೆಜಾನ್ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆಯಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ನಿಪ್ಪಾಣಿಯ ಮರಾಠಿ ಗೆಳೆಯರು ಕಿಂಡಲ್‌ನಲ್ಲಿ ತಮ್ಮ ಭಾಷೆ ಓದುವಾಗ ನಮಗೆ ಕೈಕಟ್ಟಿದಂತಾಗಿತ್ತು. ಆ ಕೊರತೆಯನ್ನು ತುಂಬಲು ಕನ್ನಡಿಗರೇ ಮುಂದೆ ಬಂದರು. ಮೈಲ್ಯಾಂಗ್ ಬುಕ್ಸ್‌ನಂಥ ಆ್ಯಪ್‌ಗಳಲ್ಲಿ ಇಂದು ಹೊಸ ಕನ್ನಡ ಪುಸ್ತಕಗಳು ಓದಲೂ ಸಿಗುತ್ತವೆ, ಕೇಳಲೂ ಸಿಗುತ್ತವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡವಿದೆ. ಹಾಗಾಗಿ ಕನ್ನಡ ಓದಲೆಂದೇ ಸಾವಿರಾರು ರೂಪಾಯಿಯ ಉಪಕರಣ ಕೊಳ್ಳುವ ಮುನ್ನ, ಅದರಲ್ಲಿ ನಿಮಗೆ ಬೇಕಾದ ಕನ್ನಡ ಪುಸ್ತಕಗಳು ಸಿಗುತ್ತವೆಯೇ ಎಂದು ನೋಡಿಕೊಳ್ಳಿ. ಇರುವ ಫೋನಿನಿಂದಲೇ ಶುರುಮಾಡುವುದು ಲೇಸು.

ದುಡ್ಡು ಕೊಟ್ಟರೂ ನಮ್ಮದಲ್ಲ

ಇ-ಪುಸ್ತಕಕ್ಕೆ ದುಡ್ಡು ಕೊಟ್ಟಾಗ ನಮಗೆ ಸಿಗುವುದು ಓದುವ ಪರವಾನಗಿ. 2009ರಲ್ಲಿ ಅಮೆಜಾನ್ ಹಕ್ಕಿನ ತಕರಾರಿನಿಂದಾಗಿ ಜಾರ್ಜ್ ಆರ್ವೆಲ್ ಪುಸ್ತಕದ ಪ್ರತಿಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ, ಕೊಂಡವರಿಗೆ ಹಣ ಮರಳಿತು, ಪುಸ್ತಕಗಳು ಹೋದವು. ನನಗೂ ಇದರ ಬಿಸಿ ತಟ್ಟಿದೆ. ನಾನು ಬಳಸುತ್ತಿದ್ದ ಒಂದು ಆ್ಯಪ್ ನಿಂತುಹೋದಾಗ ಅದರಲ್ಲಿದ್ದ ನನ್ನ ಪುಸ್ತಕಗಳೂ, ಗುರುತುಹಾಕಿಟ್ಟ ಸಾಲುಗಳೂ ಹೋದವು. ಅಂದಿನಿಂದ, ಜೀವಮಾನ ಪೂರ್ತಿ ಮತ್ತೆ ಮತ್ತೆ ತೆರೆಯಬೇಕಾದ ಪುಸ್ತಕವನ್ನು ಅಚ್ಚಿನಲ್ಲೇ ಕೊಳ್ಳುತ್ತೇನೆ.

ತೆರಿಗೆಯೂ ಅಚ್ಚಿನ ಕಡೆಗೇ ಇದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಶೇ 18 ಇತ್ತು. ಅಚ್ಚಿನ ಪ್ರತಿಯೂ ಇರುವ ಪುಸ್ತಕಗಳಿಗೆ 2018ರಲ್ಲಿ ಅದನ್ನು ಶೇ 5ಕ್ಕೆ ಇಳಿಸಿದರು.

‘ಪಿಡಿಎಫ್ ಐತೇನ್ರಿ?’

ಪರೀಕ್ಷೆಗೆ ಓದುವ ಹುಡುಗರು ಮನೆಗೆ ಬಂದರೆ ಕೇಳುವುದು ಒಂದೇ: ‘ಸರ್ರ, ಇದರದ ಪಿಡಿಎಫ್ ಐತೇನ್ರಿ?’ ಅವರ ಅಡಚಣೆ ನನಗೆ ಗೊತ್ತು. ಕಬ್ಬಿನ ಬಿಲ್ಲು ಬರುವವರೆಗೆ ಎಷ್ಟೋ ಮನೆಗಳಲ್ಲಿ ಕೈಯಲ್ಲಿ ದುಡ್ಡಿರುವುದಿಲ್ಲ. ಆದರೂ ಅವರಿಗೆ ಎರಡು ದಾರಿಗಳ ಭೇದವನ್ನು ಬಿಡಿಸಿ ಹೇಳುತ್ತೇನೆ.

ಲೇಖಕರು ತೀರಿಕೊಂಡು 60 ವರ್ಷವಾದ ಮೇಲೆ ನಮ್ಮ ದೇಶದಲ್ಲಿ ಅವರ ಕೃತಿಗಳು ಎಲ್ಲರ ಸ್ವತ್ತು. 1942ರಲ್ಲಿ ತೀರಿಕೊಂಡ ಗಳಗನಾಥರನ್ನು, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರನ್ನು ಯಾರು ಬೇಕಾದರೂ ಧಾರಾಳವಾಗಿ ಇಳಿಸಿಕೊಂಡು ಓದಬಹುದು. ಇಂಟರ್ನೆಟ್ ಆರ್ಕೈವ್, ಕನ್ನಡ ವಿಕಿಸೋರ್ಸ್‌ಗಳಲ್ಲಿ ಹಳೆಯ ಕನ್ನಡದ ದೊಡ್ಡ ಭಂಡಾರವೇ ಇದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ನಿಘಂಟುಗಳು ಉಚಿತ. ಪಠ್ಯಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘವೇ ತನ್ನ ತಾಣದಲ್ಲಿ ಇಟ್ಟಿದೆ. ಚಿಕ್ಕ ಮಕ್ಕಳಿಗೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಇದೆ. ಅಲ್ಲಿಯ ಕಥೆಗಳನ್ನು ಮುದ್ರಿಸಿ ಹಂಚಲೂ ಅನುಮತಿಯಿದೆ, ಕನ್ನಡ ಮರಾಠಿ ಎರಡೂ ಸಿಗುತ್ತವೆ. ಎರಡು ಮಾತು ಒಂದೇ ಅಂಗಳದಲ್ಲಿ ಆಡುವ ನಮ್ಮ ಓಣಿಗಳಿಗೆ ಇದು ತುಂಬ ಹೊಂದುತ್ತದೆ.

ಕದ್ದ ಪ್ರತಿಯ ಮಾತೇ ಬೇರೆ. ಇಂದು ಎಷ್ಟೋ ಕನ್ನಡ ಪುಸ್ತಕಗಳು ಸಾವಿರ ಪ್ರತಿಯೂ ಅಚ್ಚಾಗುವುದಿಲ್ಲ. ಅವುಗಳ ಪಿಡಿಎಫ್ ಗುಂಪಿನಿಂದ ಗುಂಪಿಗೆ ಹರಿದಾಡಿದರೆ ಎರಡನೆಯ ಮುದ್ರಣ ನಿಲ್ಲುತ್ತದೆ. ಮುಂದಿನ ಪುಸ್ತಕ ಬರೆಯುವ ಉಮೇದೂ ಬತ್ತುತ್ತದೆ. ದುಡ್ಡಿಲ್ಲದ ಹುಡುಗನಿಗೆ ನನ್ನ ಪ್ರತಿ ಕೊಡುತ್ತೇನೆ. ಎರವಲು ಕೊಡುವುದು ಪುಸ್ತಕದಷ್ಟೇ ಹಳೆಯ ನ್ಯಾಯ. ಅದರಿಂದ ಯಾರಿಗೂ ಮೋಸವಿಲ್ಲ.

ಕೈಯಿಂದ ಕೈಗೆ

ಅಚ್ಚಿನ ಪುಸ್ತಕದ ದೊಡ್ಡ ಗುಣ ನನಗೆ ಕಂಡದ್ದು ಇಲ್ಲಿಯೇ. ಕಾಗವಾಡ ತಾಲೂಕಿನ ಶೇಡಬಾಳದಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು (1918–1975) ನಮ್ಮ ಕಡೆಯ ಒಕ್ಕಲು ಮನೆತನಗಳ ಬದುಕನ್ನು ನಮ್ಮದೇ ಆಡುಮಾತಿನಲ್ಲಿ ‘ನಿಸರ್ಗ’ ಕಾದಂಬರಿಯಾಗಿ ಬರೆದರು. ಅದರ ಒಂದು ಹಳೆಯ ಪ್ರತಿ ನನ್ನ ಬಳಿ ಬಂದಾಗ ರಟ್ಟು ಕಳಚಿತ್ತು. ಹೊಲಿಸಿ, ಖಾಕಿ ಕಾಗದದ ಹೊದಿಕೆ ಹಾಕಿ, ಕೊನೆಯ ಖಾಲಿ ಹಾಳೆಗೆ ಒಂದು ಚೀಟಿ ಅಂಟಿಸಿದೆ: ಓದಿದವರು ಹೆಸರು, ಓಣಿ, ತಿಂಗಳು ಬರೆಯಬೇಕು. ಚೀಟಿಯಲ್ಲಿ ಹಾಲಿನ ಡೇರಿಯ ಹುಡುಗನಿದ್ದಾನೆ, ಆಶಾ ಕಾರ್ಯಕರ್ತೆ ಇದ್ದಾರೆ, ಟೇಲರ್ ಕಾಕಾ ಇದ್ದಾರೆ, ರಾಯಬಾಗಕ್ಕೆ ಮದುವೆಯಾಗಿ ಹೋದ ಹೆಣ್ಣುಮಗಳಿದ್ದಾಳೆ. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳಿ, ಆ ಇನ್ನೊಬ್ಬರು ಕೇಳಿಕೊಂಡು ಬಂದದ್ದೇ ಹೆಚ್ಚು. ಫೋನಿನೊಳಗಿನ ಪುಸ್ತಕಕ್ಕೆ ಈ ಸಂಚಾರವಿಲ್ಲ. ನಾನು ಓದುತ್ತಿದ್ದೇನೆಂಬುದೇ ಪಕ್ಕದವರಿಗೆ ತಿಳಿಯುವುದಿಲ್ಲ.

ಹಾಗಾಗಿ ನನ್ನ ಲೆಕ್ಕ ಈಗ ಸರಳ. ಒಮ್ಮೆ ಓದಿ ಬಿಡುವಂಥದ್ದು, ತುರ್ತಾಗಿ ಬೇಕಾದದ್ದು, ಪದ ಹುಡುಕುವಂಥದ್ದು, ದೊಡ್ಡಕ್ಷರ ಬೇಕಾದವರದು – ಇವು ಇ-ಪುಸ್ತಕದಲ್ಲಿ. ಮತ್ತೆ ಮತ್ತೆ ಓದುವಂಥದ್ದು, ಮಕ್ಕಳ ಕೈಗೆ ಕೊಡುವಂಥದ್ದು, ಊರಿನಲ್ಲಿ ನಾಲ್ಕು ಜನ ಓದಲೇಬೇಕು ಅನ್ನಿಸಿದ್ದು – ಇವು ಅಚ್ಚಿನಲ್ಲಿ. ಎಷ್ಟೋ ಸಲ ಇ-ಪುಸ್ತಕ ಓದಿ ಮೆಚ್ಚಿ, ಆಮೇಲೆ ಅದರದೇ ಅಚ್ಚಿನ ಪ್ರತಿ ತರಿಸಿದ್ದೇನೆ. ಅದು ಎರಡು ಸಲದ ಖರ್ಚು ಅನ್ನಿಸಿಲ್ಲ; ಮೊದಲನೆಯದು ನನ್ನ ಓದಿಗೆ, ಎರಡನೆಯದು ಊರಿನ ಓದಿಗೆ.

ನಮ್ಮ ಐದೂ ತಾಲೂಕುಗಳ ಓದುಗರಲ್ಲಿ ನನ್ನ ಕೇಳಿಕೆ ಇಷ್ಟೇ. ಈ ನವೆಂಬರ್‌ಗೆ ನಿಮ್ಮ ಓಣಿಯ ಐದು ಮನೆಗಳನ್ನು ಕೂಡಿಸಿ. ಒಂದೊಂದು ಮನೆಯಿಂದ ಮೂರು ಪುಸ್ತಕದ ಹೆಸರು ಬರೆಸಿಕೊಳ್ಳಿ. ಒಂದೇ ಕಟ್ಟಿನಲ್ಲಿ ತರಿಸಿ, ಪ್ರತಿ ಪುಸ್ತಕದ ಹಿಂದೆ ಒಂದು ಚೀಟಿ ಅಂಟಿಸಿ. ವರ್ಷ ಮುಗಿಯುವಷ್ಟರಲ್ಲಿ ಒಂದೊಂದು ಮನೆಯೂ ಮೂರರ ಬೆಲೆಗೆ ಹದಿನೈದು ಓದಿರುತ್ತದೆ.