ಯುವಿ ಎಲ್‌ಇಡಿ: ಕೊಳ್ಳುವ ಮೊದಲು ಡಬ್ಬದ ಮೇಲಿನ ಅಂಕಿ ಓದಿ

ಕೋವಿಡ್ ಕಾಲದಲ್ಲಿ ಮಾರುಕಟ್ಟೆಗೆ ನುಗ್ಗಿದ ಯುವಿ ಪೆಟ್ಟಿಗೆ, ಯುವಿ ಕೋಲು, ಯುವಿ ಮುಚ್ಚಳದ ಬಾಟಲಿಗಳು ಇನ್ನೂ ಮಾರಾಟವಾಗುತ್ತಿವೆ. ಮೊಬೈಲಿಗೆ ಒಂದು, ಮಗುವಿನ ಹಾಲಿನ ಬಾಟಲಿಗೆ ಇನ್ನೊಂದು, ಕುಡಿಯುವ ನೀರಿಗೆ ಮತ್ತೊಂದು. ಇವುಗಳಲ್ಲಿ ಕೆಲವು ನಿಜಕ್ಕೂ ರೋಗಾಣುಗಳನ್ನು ಕೊಲ್ಲುತ್ತವೆ. ಇನ್ನು ಕೆಲವು ನೇರಳೆ ಬಣ್ಣದ ಟಾರ್ಚ್ ಅಷ್ಟೆ. ಯಾವುದು ಯಾವುದೆಂದು ತಿಳಿಯಲು ಮೂರು ಸಂಗತಿ ಗೊತ್ತಿದ್ದರೆ ಸಾಕು: ತರಂಗಾಂತರ, ದೂರ, ಸಮಯ.

ಮೊದಲು ನ್ಯಾನೊಮೀಟರ್ ನೋಡಿ

ರೋಗಾಣುಗಳ ಮೇಲೆ ಕೆಲಸ ಮಾಡುವುದು ಯುವಿ-ಸಿ, ಅಂದರೆ 200ರಿಂದ 280 ನ್ಯಾನೊಮೀಟರ್ ನಡುವಿನ ಕಿರಣ. ಇದು ಬ್ಯಾಕ್ಟೀರಿಯಾ, ವೈರಸ್‌ಗಳ ಡಿಎನ್‌ಎ ಅಥವಾ ಆರ್‌ಎನ್‌ಎಗೆ ಪೆಟ್ಟು ಕೊಡುತ್ತದೆ. ಆಮೇಲೆ ಅವು ವೃದ್ಧಿಯಾಗಲಾರವು. ಈ ಪರಿಣಾಮ ಅತಿ ಹೆಚ್ಚಿರುವುದು 265ರ ಆಸುಪಾಸಿನಲ್ಲಿ. ಹಳೆಯ ಪಾದರಸದ ಟ್ಯೂಬ್ 254ರಲ್ಲಿ ಉರಿಯುತ್ತದೆ, ಸೋಂಕುನಾಶಕ ಎಲ್‌ಇಡಿಗಳು ಸಾಮಾನ್ಯವಾಗಿ 260ರಿಂದ 280ರ ಒಳಗೆ.

ಡಬ್ಬದ ಮೇಲೆ 365, 395 ಅಥವಾ 405 ಎಂದಿದ್ದರೆ ಅದನ್ನು ಅಲ್ಲೇ ಬಿಡಿ. ಗಂಟೆಗಟ್ಟಲೆ ಉರಿಸಿದರೆ ಅಲ್ಪಸ್ವಲ್ಪ ಪರಿಣಾಮ ಆದೀತು, ಎರಡು ನಿಮಿಷದಲ್ಲಿ ಏನೂ ಆಗದು. ಅಂಗಡಿಯವರು ಐನೂರರ ನೋಟನ್ನು ಅದರಡಿ ಹಿಡಿದು, ನಂಬರ್ ಮಿನುಗುವುದನ್ನು ತೋರಿಸಿ "ನೋಡಿ ಸಾರ್, ಒರಿಜಿನಲ್ ಯುವಿ" ಎನ್ನಬಹುದು. ನೋಟು ಮಿನುಗಲು 365ರ ಯುವಿ-ಎ ಸಾಕು, ಖೋಟಾನೋಟು ಪತ್ತೆಹಚ್ಚುವ ದೀಪದಲ್ಲಿರುವುದೂ ಅದೇ. ಯುವಿ-ಸಿ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ನೀಲಿ ಬೆಳಕು ಎಷ್ಟು ಜೋರಾಗಿದೆ ಎಂಬುದರಿಂದ ಏನನ್ನೂ ಹೇಳಲಾಗದು. ನ್ಯಾನೊಮೀಟರ್ ಅಂಕಿಯನ್ನೇ ಕೊಡದೆ "99.9% ಕೀಟಾಣುನಾಶ" ಎಂದಷ್ಟೇ ಬರೆದ ಡಬ್ಬಕ್ಕೆ ನಾನಂತೂ ದುಡ್ಡು ಕೊಡುವುದಿಲ್ಲ.

ಆಮೇಲೆ ಲೆಕ್ಕ

ಬಿಸಿಲಿನಂತೆಯೇ ಇಲ್ಲೂ ತೀಕ್ಷ್ಣತೆ ಮತ್ತು ಸಮಯ ಎರಡೂ ಸೇರಿಯೇ ಪರಿಣಾಮ. ತೀಕ್ಷ್ಣತೆಯನ್ನು ಸೆಕೆಂಡುಗಳಿಂದ ಗುಣಿಸಿದರೆ ಪ್ರಮಾಣ ಸಿಗುತ್ತದೆ. ಕುಡಿಯುವ ನೀರಿಗೆ ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಗುರಿ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್. ನಿಮ್ಮ ಸಾಧನ ವಸ್ತುವಿನ ಮೇಲೆ ಚದರ ಸೆಂಟಿಮೀಟರಿಗೆ 0.5 ಮಿಲಿವ್ಯಾಟ್ ಬೀಳಿಸುತ್ತದೆ ಎಂದುಕೊಳ್ಳಿ. 40 ಮುಟ್ಟಲು 80 ಸೆಕೆಂಡು ಬೇಕು. ಅದೇ ದೀಪವನ್ನು ಎರಡರಷ್ಟು ದೂರಕ್ಕೆ ಒಯ್ದರೆ ತೀಕ್ಷ್ಣತೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಆಗ 320 ಸೆಕೆಂಡು, ಅಂದರೆ ಐದು ನಿಮಿಷ ದಾಟುತ್ತದೆ. ಮೇಜಿನ ಮೇಲೆ ಕೋಲನ್ನು ಎರಡು ಸಲ ಬೀಸಿ "ಆಯ್ತು" ಎನ್ನುವುದು ಏಕೆ ವ್ಯರ್ಥವೆಂದು ಇದರಿಂದಲೇ ತಿಳಿಯುತ್ತದೆ. ಎಲ್ಲ ರೋಗಾಣುವೂ ಒಂದೇ ಹದಕ್ಕೆ ಸಾಯುವುದೂ ಇಲ್ಲ: ಕ್ಲೋರಿನ್‌ಗೆ ಜಗ್ಗದ ಕ್ರಿಪ್ಟೊಸ್ಪೊರಿಡಿಯಮ್ ಯುವಿಗೆ ಸುಲಭವಾಗಿ ಮಣಿಯುತ್ತದೆ, ಅಡಿನೊವೈರಸ್ ಮಾತ್ರ ಹಟಮಾರಿ.

ಪೆಟ್ಟಿಗೆಯಲ್ಲಿ ಮೊಬೈಲ್ ಇಡುವಾಗ

ಕವರ್ ತೆಗೆಯಿರಿ. ಜಿಡ್ಡು, ದೂಳನ್ನು ಬಟ್ಟೆಯಿಂದ ಒರೆಸಿ, ಏಕೆಂದರೆ ಆ ಜಿಡ್ಡಿನ ಪದರವೇ ಕಿರಣವನ್ನು ತಡೆಯುತ್ತದೆ. ಒಂದು ಮಗ್ಗುಲಾದ ಮೇಲೆ ತಿರುಗಿಸಿಟ್ಟು ಮತ್ತೆ ಉರಿಸಿ. ನೆರಳು ಬಿದ್ದ ಕಡೆ ಯುವಿ ಮುಟ್ಟದು. ಬೀಗದ ಕೈಗಳನ್ನು ಗೊಂಚಲಾಗಿ ಇಡಬೇಡಿ, ಹರಡಿ. ಪದೇಪದೇ ಯುವಿಗೆ ಒಡ್ಡಿದ ಪ್ಲಾಸ್ಟಿಕ್ ಕ್ರಮೇಣ ಹಳದಿಯಾಗುತ್ತದೆ, ಪೆಡಸಾಗುತ್ತದೆ.

ಹಾಲಿನ ಬಾಟಲಿಯ ಮಾತು ಬೇರೆ. ಮಾಮೂಲಿ ಗಾಜು ಯುವಿ-ಸಿಯನ್ನು ಒಳಗೆ ಬಿಡುವುದಿಲ್ಲ, ಹೆಚ್ಚಿನ ಪ್ಲಾಸ್ಟಿಕ್ಕೂ ಅಷ್ಟೆ. ಹೊರಗಿನಿಂದ ಬೆಳಕು ಹಾಯಿಸಿ ಒಳಗೆ ಶುದ್ಧವಾಯಿತೆಂದು ನಂಬಬೇಡಿ. ಕುದಿಯುವ ನೀರಿನಲ್ಲಿ ಬೇಯಿಸುವ ಹಳೆಯ ಪದ್ಧತಿಯೇ ಸಲೀಸು, ಅಗ್ಗ.

ಕಣ್ಣು, ಚರ್ಮ

ಮುಚ್ಚಳ ತೆರೆದೊಡನೆ ಆರುವ ಪೆಟ್ಟಿಗೆಯನ್ನೇ ಕೊಳ್ಳಿ. ಅಂಗಡಿಯಲ್ಲೇ ಪರೀಕ್ಷಿಸುವುದಾದರೆ ಮುಖ ಆಚೆಗಿಟ್ಟು ಮುಚ್ಚಳ ಎತ್ತಿಸಿ, ಸೂಚನಾ ದೀಪ ಆರಬೇಕು. ಕೈ ತೊಳೆಯುವ ಬದಲು ಕೈಗೆ ಯುವಿ ಹಿಡಿಯುವುದು ಖಂಡಿತ ಬೇಡ. ಕಣ್ಣಿಗೆ ಬಿದ್ದರೆ ಆ ಕ್ಷಣ ಏನೂ ಅನ್ನಿಸದು. ಕೆಲವು ಗಂಟೆ ಕಳೆದ ಮೇಲೆ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು ಶುರುವಾಗುತ್ತದೆ. ವೆಲ್ಡಿಂಗ್ ಕೆಲಸದವರಿಗೆ ಈ ನೋವು ಚೆನ್ನಾಗಿ ಗೊತ್ತು. ಹಾಗಾದರೆ ಉಜ್ಜದೆ ಕಣ್ಣಿನ ವೈದ್ಯರ ಬಳಿ ಹೋಗಿ. ಕೈಯಲ್ಲಿ ಹಿಡಿಯುವ ಕೆಲವು ಯುವಿ ಕೋಲುಗಳು ಅಪಾಯಕಾರಿ ಮಟ್ಟದ ವಿಕಿರಣ ಸೂಸುತ್ತವೆ, ಬಳಸಬೇಡಿ ಎಂದು ಅಮೆರಿಕದ ಎಫ್‌ಡಿಎ 2022ರಲ್ಲೇ ಎಚ್ಚರಿಸಿತ್ತು. ಮಕ್ಕಳಿರುವ ಮನೆಗೆ ಕೋಲು ತರಲೇಬೇಡಿ.

ನೀರಿನ ಯಂತ್ರ

ಎಲ್‌ಇಡಿ ನಿಜವಾಗಿ ಗೆಲ್ಲುವುದು ಇಲ್ಲಿ. ಪಾದರಸದ ಟ್ಯೂಬ್ ಪೂರ್ತಿ ಶಕ್ತಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಎಲ್‌ಇಡಿ ನಲ್ಲಿ ತಿರುಗಿಸಿದ ಕ್ಷಣ ಹೊತ್ತಿ, ನಿಲ್ಲಿಸಿದ ಕ್ಷಣ ಆರುತ್ತದೆ. ಒಡೆದರೆ ಪಾದರಸ ಚೆಲ್ಲುವ ಭಯವೂ ಇಲ್ಲ. ದೋಷವೆಂದರೆ, ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ, ಬಿಸಿ ಏರಿದಷ್ಟೂ ಎಲ್‌ಇಡಿಯ ಆಯಸ್ಸು ಕಡಿಮೆ. ಹಾಗಾಗಿ ಯಂತ್ರವನ್ನು ಒಲೆಯ ಮಗ್ಗುಲಲ್ಲಿ ಕೂರಿಸಬೇಡಿ.

ಗಾಜಿನ ಲೋಟದಲ್ಲಿ ನೀರು ಹಿಡಿದು ಬೆಳಕಿಗೆ ಎತ್ತಿ ನೋಡಿ. ಮಬ್ಬಾಗಿದ್ದರೆ, ಕೆಂಪು ಛಾಯೆ ಇದ್ದರೆ ಮೊದಲು ಸೋಸುವ ಕ್ಯಾಂಡಲ್ ಬೇಕು, ಏಕೆಂದರೆ ರೋಗಾಣು ಮಣ್ಣಿನ ಕಣದ ಮರೆಯಲ್ಲಿ ಉಳಿದುಬಿಡುತ್ತದೆ. ಗಡಸು ನೀರಿನ ಊರಲ್ಲಿ ಒಳಗಿನ ಸ್ಫಟಿಕದ ಕಿಟಕಿಗೆ ಬಿಳಿ ಪೊರೆ ಕಟ್ಟುತ್ತದೆ. ಸರ್ವಿಸ್‌ಗೆ ಬಂದವರಿಂದ ಅದನ್ನು ತಪ್ಪದೆ ತೊಳೆಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡನ್ನು ಯಾವ ಯುವಿಯೂ ತೆಗೆಯದು, ಅದಕ್ಕೆ ಆರ್‌ಒದಂಥ ಬೇರೆ ವ್ಯವಸ್ಥೆಯೇ ಬೇಕು. ಕ್ಲೋರಿನ್‌ನಂತೆ ಯುವಿ ನೀರಿನಲ್ಲಿ ಉಳಿದು ಕಾಯುವುದೂ ಇಲ್ಲ. ಯಂತ್ರದಿಂದ ಹಿಡಿದ ನೀರನ್ನು ತೊಳೆದ ಪಾತ್ರೆಯಲ್ಲಿ ಮುಚ್ಚಿಡಿ, ಕೈ ಅದ್ದುವ ಬದಲು ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ, ಅಂದಿನ ನೀರನ್ನು ಅಂದೇ ಮುಗಿಸಿ.