ಕಾಡಿನ ದಾರಿ, ಗೆಳೆಯರ ಕಾರು

ಗೆಳೆಯರೆಲ್ಲ ಸೇರಿ ಮೈಸೂರಿನಿಂದ ಬಂಡೀಪುರ, ಮುದುಮಲೈ ದಾಟಿ ಊಟಿಗೆ ಹೊರಟಿದ್ದೀರಾ? ಬೆಳಿಗ್ಗೆಯೇ ಹೊರಡಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ಆ ಹೊತ್ತಿನ ರಸ್ತೆ ಜಿಂಕೆ, ಆನೆ, ಚಿರತೆಗಳದ್ದು, ನಿಯಮ ನ್ಯಾಯವಾದದ್ದೇ. ನೀಲಗಿರಿಗೆ 2024ರಿಂದ ಇ-ಪಾಸ್ ಕೂಡ ಬೇಕು, ಮನೆಯಲ್ಲೇ ತೆಗೆದುಕೊಳ್ಳಿ.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಗೂಡಲೂರಿನದು ಸುತ್ತು, ಆದರೆ ಸಲೀಸು. ಮಸಿನಗುಡಿಯ ಕಡೆ ತಿರುಗಿದರೆ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳು. ಒಂದೊಂದು ತಿರುವಿಗೂ ಬಯಲು ಕೆಳಗೆ ಸರಿಯುತ್ತ, ಗಾಳಿ ತಣ್ಣಗಾಗುತ್ತ ಹೋಗುತ್ತದೆ. ನೋಡಲೇಬೇಕಾದ ದಾರಿ ಅದು. ಆದರೆ ಹೊಸದಾಗಿ ಕಾರು ಕಲಿತ ಗೆಳೆಯ ಎಷ್ಟೇ ಗೋಗರೆದರೂ ಅಲ್ಲಿ ಸ್ಟೇರಿಂಗ್ ಕೊಡಬೇಡಿ. ಇಳಿಯುವಾಗ ಆ ದಾರಿಯ ಆಸೆ ಬಿಡಿ. ಬ್ರೇಕ್ ಕಾದು ಹಿಡಿತ ತಪ್ಪಿ ಅಲ್ಲಿ ಜೀವಗಳು ಹೋಗಿವೆ. ಹೊರಗಿನ ವಾಹನಗಳು ಗೂಡಲೂರಿನ ಮೂಲಕವೇ ಮರಳಬೇಕು.

ಆನೆ ಎದುರಾದರೆ ದೂರದಲ್ಲೇ ನಿಲ್ಲಿಸಿ, ಇಂಜಿನ್ ಚಾಲೂ ಇರಲಿ, ಹಾರ್ನ್ ಬೇಡ. ಪಕ್ಕದಲ್ಲಿ ಮರಿಯಿದ್ದರೆ ಇನ್ನಷ್ಟು ದೂರವಿರಿ. ಗುಂಪಿನಲ್ಲಿದ್ದಾಗ ಧೈರ್ಯ ಹೆಚ್ಚು, ಒಬ್ಬ ಇಳಿದರೆ ಇನ್ನಿಬ್ಬರು ಹಿಂದೆಯೇ ಇಳಿಯುತ್ತಾರೆ. ಆ ಮೊದಲನೆಯವನನ್ನು ತಡೆಯುವ ಗೆಳೆಯ ನೀವಾಗಿ. ಕೋತಿಗಳಿಗೆ ಬಿಸ್ಕತ್ತು ಎಸೆಯಬೇಡಿ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಒಂದೂ ಕಾಡಿನಲ್ಲಿ ಉಳಿಯದಿರಲಿ. ದಯವಿಟ್ಟು ಕಾರಿನಲ್ಲೊಂದು ಕಸದ ಚೀಲ ಇಟ್ಟುಕೊಂಡೇ ಹೊರಡಿ.